ಆ ಮಾತ್ರೆ ಅಕ್ಕನಿಗೆ ಕೆಲಸ ಮಾಡುತ್ತೆ, ನನಗ್ಯಾಕೆ ಮಾಡಲ್ಲ?

ಹೋದ ಸಂಚಿಕೇಲಿ ಮುಟ್ಟಿನ ನೋವಿನ ಬಗ್ಗೆ ಬರೀತಾ ಕೊನೇಲಿ ಒಂದೇ ಒಂದು ಸಾಲು ಹಾಕಿದ್ದೆ, ಈ ವಿಷಯದ ಮೇಲೆ ಪ್ರಿಸಿಷನ್ ಮೆಡಿಸಿನ್ ದಾರೀಲಿ ಪಿಎಚ್‌ಡಿ ಮಾಡೋರು ಇನ್ನೂ ತುಂಬಾ ಜನ ಬೇಕು ಅಂತ. ಆ ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಸಾಲಲ್ಲ, ಒಂದೇ ತರದ ಪ್ರಶ್ನೆಗಳನ್ನ ಒಟ್ಟು ಮಾಡಿ ಏಳು ಆರಿಸ್ಕೊಂಡಿದ್ದೀನಿ. ನಾನು ಇದೇ ಕ್ಷೇತ್ರದಲ್ಲಿ ಪಿಎಚ್‌ಡಿ ಮಾಡಿದವಳು, ಹಾಗಾಗಿ ಅಲ್ಲಲ್ಲಿ ಸ್ವಂತ ಅನುಭವಾನೂ ಬರುತ್ತೆ.

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಬಯೋಟೆಕ್ನಾಲಜಿ ಕೊನೇ ವರ್ಷ. ನನಗೂ ಅಕ್ಕನಿಗೂ ಪಿರಿಯಡ್ಸ್ ಟೈಮಲ್ಲಿ ವಿಪರೀತ ಹೊಟ್ಟೆನೋವು. ಅಕ್ಕ ಒಂದು ಮಾತ್ರೆ ತಗೊಂಡ್ರೆ ಅರ್ಧ ಗಂಟೇಲಿ ಎದ್ದು ಓಡಾಡ್ತಾಳೆ, ನಾನು ಅದೇ ಮಾತ್ರೆ ತಗೊಂಡು ಸಂಜೆ ತನಕ ಮುದುಡಿಕೊಂಡು ಮಲಗಿರ್ತೀನಿ. ಇದು ಯಾಕೆ ಅನ್ನೋದನ್ನೇ ಪಿಎಚ್‌ಡಿ ವಿಷಯ ಮಾಡ್ಕೋಬಹುದಾ? ಪ್ರಿಸಿಷನ್ ಮೆಡಿಸಿನ್ ಅಂದ್ರೆ ಇದೇನಾ?

ಉತ್ತರ: ಇದೇ ಕಣಮ್ಮ, ಇದಕ್ಕಿಂತ ಚೆನ್ನಾಗಿ ಆ ಪ್ರಶ್ನೇನ ಯಾರೂ ಕೇಳೋಕಾಗಲ್ಲ. ಯಾರಿಗೆ, ಯಾವ ಔಷಧ, ಯಾವ ಕಾರಣಕ್ಕೆ ಕೆಲಸ ಮಾಡುತ್ತೆ ಅಂತ ಮೊದಲೇ ತಿಳ್ಕೊಂಡು ಕೊಡೋದು, ಪ್ರಿಸಿಷನ್ ಮೆಡಿಸಿನ್ ಅಂದ್ರೆ ಅಷ್ಟೇ. ಕ್ಯಾನ್ಸರ್‌ನಲ್ಲಿ ಇದು ಎಷ್ಟೋ ಮುಂದೆ ಹೋಗಿದೆ, ಗಡ್ಡೆಯ ಜೀನ್ ನೋಡಿ ಔಷಧ ಆರಿಸ್ತಾರೆ. ಮುಟ್ಟಿನ ನೋವಿಗೆ ಮಾತ್ರ ಇವತ್ತಿಗೂ ಎಲ್ಲರಿಗೂ ಒಂದೇ ಚೀಟಿ.

ಮೊದಲು ನೋವು ಹೇಗೆ ಬರುತ್ತೆ ಅಂತ ನೋಡೋಣ, ಯಾಕಂದ್ರೆ ನಿಮ್ಮ ಪಿಎಚ್‌ಡಿ ವಿಷಯ ಅಲ್ಲೇ ಎಲ್ಲೋ ಕೂತಿದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಗರ್ಭಕೋಶದ ಒಳಪದರ ಕಳಚೋಕೆ ಶುರುವಾಗುತ್ತೆ, ಆಗ ಅಲ್ಲಿನ ಜೀವಕೋಶಗಳಿಂದ ಅರಾಕಿಡೋನಿಕ್ ಆಸಿಡ್ ಅನ್ನೋ ಕೊಬ್ಬಿನಂಶ ಬಿಡುಗಡೆ ಆಗಿ, ಕಾಕ್ಸ್ ಅನ್ನೋ ಕಿಣ್ವ ಅದನ್ನ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಮಾಡುತ್ತೆ. ಅದರಲ್ಲೂ ಪಿಜಿಎಫ್2 ಆಲ್ಫಾ ಅನ್ನೋದು ಗರ್ಭಕೋಶದ ಸ್ನಾಯುವನ್ನ ಹಿಂಡುತ್ತೆ, ರಕ್ತನಾಳಾನೂ ಬಿಗಿ ಮಾಡುತ್ತೆ. ಸ್ನಾಯುಗೆ ರಕ್ತ ಸಿಗಲ್ಲ, ಆಮ್ಲಜನಕ ಸಿಗಲ್ಲ, ನೋವು ಬರುತ್ತೆ. ತೀವ್ರ ನೋವಿರೋರಲ್ಲಿ ಗರ್ಭಕೋಶದ ಒಳಗಿನ ಒತ್ತಡ 150 ಮಿಲಿಮೀಟರ್ ಪಾದರಸ ದಾಟಿದ್ದನ್ನ ಅಳೆದು ಬರೆದಿದ್ದಾರೆ, ಬಿಪಿ ನೋಡ್ವಾಗ ಮೇಲಿನ ನಂಬರ್ ಮಾಮೂಲಾಗಿ 120 ಇರುತ್ತಲ್ಲ, ಅದಕ್ಕಿಂತ ಜಾಸ್ತಿ. ಸುಮ್ನೆ ನಾಟಕ ಮಾಡ್ತಾಳೆ ಅನ್ನೋರಿಗೆ ಈ ನಂಬರ್ ಒಂದು ಸಾಕು.

ಈ ಕತೆ ಬಿಚ್ಚಿಕೊಂಡಿದ್ದು ನಿಧಾನಕ್ಕೆ. 1935ರ ಹೊತ್ತಿಗೆ ಸ್ವೀಡನ್ನಿನ ವಿಜ್ಞಾನಿ ಫಾನ್ ಆಯ್ಲರ್ ಈ ವಸ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರೋದು ಅಂದ್ಕೊಂಡು ಪ್ರೊಸ್ಟಗ್ಲಾಂಡಿನ್ ಅಂತ ಹೆಸರಿಟ್ರು. ಹೆಂಗಸರ ಇಷ್ಟು ದೊಡ್ಡ ನೋವಿಗೆ ಕಾರಣ ಆಗಿರೋ ವಸ್ತುವಿಗೆ ಗಂಡಸರ ಗ್ರಂಥಿಯ ಹೆಸರೇ ಉಳ್ಕೊಂಡುಬಿಡ್ತು. 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಅನ್ನೋ ವಿಜ್ಞಾನಿ ಮುಟ್ಟಿನ ಸ್ರಾವದಲ್ಲೇ ಸ್ನಾಯು ಹಿಂಡೋ ವಸ್ತು ಇದೆ ಅಂತ ತೋರಿಸಿದ್ರು. 1971ರಲ್ಲಿ ಜಾನ್ ವೇನ್, ಆಸ್ಪಿರಿನ್ ತರದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗೋದನ್ನೇ ತಡೆಯುತ್ವೆ ಅಂತ ತೋರಿಸಿದ್ರು, 1982ರಲ್ಲಿ ಅದಕ್ಕೆ ನೊಬೆಲ್‌ನಲ್ಲಿ ಪಾಲು ಸಿಕ್ತು. ನಿಮ್ಮ ಅಕ್ಕ ನುಂಗೋ ಮಾತ್ರೆ ಇದೇ ಕಾಕ್ಸ್ ಕಿಣ್ವದ ಬಾಯಿ ಮುಚ್ಚಿಸೋದು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಒಂದೇ ವಿಷಯದ ಅಧ್ಯಯನಗಳನ್ನ ಕೂಡಿಸಿ ತೂಗೋ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಈ ಮಾತ್ರೆಗಳ 80 ಟ್ರಯಲ್‌ಗಳನ್ನ ಒಟ್ಟಿಗೆ ಇಟ್ಟು ನೋಡ್ತು. ಬರೀ ಪ್ಲಸೀಬೊ, ಅಂದ್ರೆ ಔಷಧ ಇಲ್ಲದ ಸುಳ್ಳು ಮಾತ್ರೆ, ತಗೊಂಡೋರಲ್ಲಿ ನೂರಕ್ಕೆ 18 ಜನಕ್ಕೆ ಒಳ್ಳೇ ಆರಾಮ ಸಿಗೋ ಕಡೆ, ಈ ಜಾತಿ ಮಾತ್ರೆ ತಗೊಂಡೋರಲ್ಲಿ 45ರಿಂದ 53 ಜನಕ್ಕೆ ಸಿಗುತ್ತೆ. ಮಾತ್ರೆ ಕೆಲಸ ಮಾಡುತ್ತೆ, ಅದರಲ್ಲಿ ಸಂಶಯ ಇಲ್ಲ. ಆದ್ರೆ ಉಳಿದ ಅರ್ಧದಷ್ಟು ಜನ? ನೀವು ಆ ಅರ್ಧದಲ್ಲಿ ಇದ್ದೀರಿ, ಅಲ್ಲಿ ಯಾಕಿದ್ದೀರಿ ಅಂತ ಹೇಳೋಕೆ ಇವತ್ತು ಯಾವ ಡಾಕ್ಟರ ಹತ್ರಾನೂ ಒಂದು ಟೆಸ್ಟ್ ಇಲ್ಲ.

ಕಾರಣ ಎಷ್ಟೋ ಇರಬಹುದು. ತೀರಾ ಸರಳ ಕಾರಣ ಅಂದ್ರೆ ಮಾತ್ರೆ ತಡವಾಗಿ ತಗೊಂಡಿರೋದು, ಪ್ರೊಸ್ಟಗ್ಲಾಂಡಿನ್ ಆಗ್ಲೇ ತಯಾರಾಗಿ ಹೋಗಿದ್ರೆ ಅದನ್ನ ವಾಪಸ್ ಮಾಡೋಕಾಗಲ್ಲ. ಇನ್ನೊಂದು, ನೋವಿಗೆ ಪ್ರೊಸ್ಟಗ್ಲಾಂಡಿನ್ ಒಂದೇ ಕಾರಣ ಆಗಿರದೇ ಇರಬಹುದು, ಲ್ಯೂಕೋಟ್ರೈನ್, ವ್ಯಾಸೋಪ್ರೆಸಿನ್ ಇಂಥ ಮೈಯೊಳಗಿನ ಬೇರೆ ರಾಸಾಯನಿಕಗಳೂ ಅನುಮಾನದ ಪಟ್ಟಿಯಲ್ಲಿವೆ, ಕಾಕ್ಸ್ ತಡೆಯೋ ಮಾತ್ರೆ ಅವುಗಳ ತಂಟೆಗೇ ಹೋಗಲ್ಲ. ಮೂರನೇದು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ) ಅಥವಾ ಅಡಿನೊಮಯೋಸಿಸ್ (ಅದೇ ಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯೋದು) ಒಳಗೆ ಸದ್ದಿಲ್ಲದೆ ಕೂತಿರಬಹುದು. ನಾಲ್ಕನೇದು ನನಗೆ ತುಂಬಾ ಹತ್ತಿರದ್ದು, ವರ್ಷಗಟ್ಟಲೆ ತಿಂಗಳು ತಿಂಗಳು ನೋವು ತಿಂದು ತಿಂದು ನರಮಂಡಲಾನೇ ಸೂಕ್ಷ್ಮ ಆಗಿಬಿಡೋದು, ಆಗ ಗರ್ಭಕೋಶ ಸುಮ್ಮನಾದ್ರೂ ಬೆನ್ನುಹುರಿ, ಮೆದುಳು ಸುಮ್ಮನಾಗಲ್ಲ. ಇದರಲ್ಲಿ ಒಂದೊಂದೂ ಒಂದೊಂದು ಪಿಎಚ್‌ಡಿ. ನಾಲ್ಕನ್ನೂ ಹಿಡ್ಕೊಂಡು ಹೊರಟ್ರೆ ಮುಗಿಯೋದೇ ಇಲ್ಲ, ಆ ತಪ್ಪು ನಾನೇ ಮೊದಲ ವರ್ಷ ಮಾಡಿ ಎಂಟು ತಿಂಗಳು ಕಳ್ಕೊಂಡೆ.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಈ ವಿಷಯ ಅಂದ ತಕ್ಷಣ ಎಲ್ಲರೂ ಸಿವೈಪಿ2ಸಿ9 ಜೀನ್ ಕಡೆ ಓಡ್ತಾರೆ, ಐಬುಪ್ರೊಫೆನ್ ತರದ ಮಾತ್ರೆಗಳನ್ನ ಲಿವರ್‌ನಲ್ಲಿ ಕರಗಿಸೋ ಕಿಣ್ವದ ಜೀನ್ ಅದು. 2020ರಲ್ಲಿ ಸಿಪಿಐಸಿ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟ ಇದರ ಮೇಲೆ ಮಾರ್ಗಸೂಚಿ ಕೂಡ ಕೊಟ್ಟಿದೆ. ಆದ್ರೆ ಗಮನಿಸಿ, ಅಲ್ಲಿ ಮುಖ್ಯವಾಗಿ ಗೊತ್ತಿರೋ ರೂಪಾಂತರಗಳು (ಜೀನ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಇರೋ ಸಣ್ಣ ವ್ಯತ್ಯಾಸಗಳು) ಕಿಣ್ವವನ್ನ ನಿಧಾನ ಮಾಡೋವು, ಅಂದ್ರೆ ಔಷಧ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ, ಅಡ್ಡಪರಿಣಾಮದ ಭಯ ಜಾಸ್ತಿ, ಅದಕ್ಕೇ ಡೋಸ್ ಕಮ್ಮಿ ಮಾಡಿ ಅಂತ ಹೇಳಿರೋದು. ಮಾತ್ರೆ ಯಾಕೆ ಹತ್ತಲಿಲ್ಲ ಅನ್ನೋ ಪ್ರಶ್ನೆಗೆ ಇದು ಉತ್ತರ ಕೊಡಲ್ಲ, ಸುರಕ್ಷತೆಯ ಪ್ರಶ್ನೆಗೆ ಕೊಡುತ್ತೆ. ಇವೆರಡನ್ನ ಕಲೆಸಿ ಬರೆದ ರಿಸರ್ಚ್ ಪ್ರಪೋಸಲ್‌ಗಳನ್ನ ನಾನು ಎಷ್ಟು ನೋಡಿದ್ದೀನೋ ಲೆಕ್ಕ ಇಲ್ಲ, ನೀವು ಹಾಗೆ ಬರೀಬೇಡಿ.

ಪ್ರಶ್ನೆ: ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವನು, ಬಯಾಲಜಿ ಹತ್ತನೇ ಕ್ಲಾಸಿಗೇ ನಿಂತೋಯ್ತು. ನಮ್ಮಂಥೋರಿಗೆ ಇಲ್ಲಿ ಕೆಲಸ ಇದೆಯಾ? ಗಂಡಸರು ಈ ವಿಷಯ ತಗೊಂಡ್ರೆ ಜನ ಏನಂತಾರೋ ಅನ್ನೋದೂ ಇದೆ.

ಉತ್ತರ: ಎರಡನೇದಕ್ಕೆ ಮೊದಲು ಹೇಳ್ತೀನಿ. ಮೇಲೆ ಹೇಳಿದ ಪಿಕಲ್ಸ್ ಗಂಡಸರೇ, ವೇನ್ ಗಂಡಸರೇ. ತಗೊಳ್ಳಿ. ಆದ್ರೆ ಡೇಟಾ ಮುಟ್ಟೋಕೆ ಮುಂಚೆ ಒಂದು ತಿಂಗಳು ಕ್ಲಿನಿಕ್‌ನಲ್ಲಿ ಡಾಕ್ಟರ ಪಕ್ಕ ಕೂತು ಹೆಂಗಸರು ಈ ನೋವನ್ನ ಯಾವ ಯಾವ ಮಾತಲ್ಲಿ ಹೇಳ್ತಾರೆ ಅಂತ ಕೇಳಿಸ್ಕೊಳ್ಳಿ, ಅವರು ಒಪ್ಪಿದ್ರೆ.

ಇನ್ನು ಕೆಲಸ ಇದೆಯಾ ಅಂದ್ರೆ, ನಿಮ್ಮಂಥೋರು ಇಲ್ಲದೇ ಈ ಕ್ಷೇತ್ರ ಕುಂಟ್ತಾ ಇದೆ. ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ. ನಾವು ನೋವಿನ ಡೈರಿ ಕೊಡ್ತಾ ಇದ್ವಿ, ದಿನಾ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಬರೀಬೇಕು. ಒಬ್ಬರ ಡೈರೀಲಿ ಎರಡು ತಿಂಗಳು 7 ಅಂತಾನೇ ಇತ್ತು. ಫೋನ್ ಮಾಡಿ ಕೇಳಿದ್ರೆ, ಮೊದಲನೇ 7 ಕೆಲಸಕ್ಕೆ ಹೋಗಿ ಬಂದ 7, ಎರಡನೇ 7 ಬಚ್ಚಲುಮನೆ ನೆಲದ ಮೇಲೆ ಕೂತು ವಾಂತಿ ಮಾಡಿದ 7. ಕಂಪ್ಯೂಟರ್‌ಗೆ ಎರಡೂ ಒಂದೇ. ಅದಕ್ಕಿಂತ ಕೆಟ್ಟದ್ದು ಖಾಲಿ ಬಿಟ್ಟ ದಿನಗಳು. ಆ ಡೈರಿಗಳಲ್ಲಿ ಎರಡನೇ ದಿನದ ಮನೆ ಖಾಲಿ ಇರೋದು ಜಾಸ್ತಿ ಕಾಣ್ತಿತ್ತು, ಕೇಳಿದ್ರೆ ಅವತ್ತು ಪೆನ್ ಹಿಡಿಯೋ ಸ್ಥಿತೀಲೇ ಇರಲಿಲ್ಲ ಅಂತಾರೆ. ಅಂದ್ರೆ ನೋವು ಹೆಚ್ಚಾದಷ್ಟೂ ಡೇಟಾ ಮಾಯ ಆಗುತ್ತೆ. ಹಾಗೆ ಖಾಲಿ ಇರೋ ಜಾಗಕ್ಕೆ ಅಕ್ಕಪಕ್ಕದ ದಿನದ ಸರಾಸರಿ ತುಂಬಿಬಿಟ್ರೆ ಏನಾಗುತ್ತೆ ಅಂತ ಸ್ಟ್ಯಾಟಿಸ್ಟಿಕ್ಸ್ ಓದಿದ ನಿಮಗೆ ನಾನು ಹೇಳ್ಬೇಕಾಗಿಲ್ಲ, ಅತಿ ಹೆಚ್ಚು ನೋವಿರೋರೇ ಲೆಕ್ಕದಲ್ಲಿ ಆರೋಗ್ಯವಂತರಾಗಿ ಕಾಣ್ತಾರೆ. ಇದನ್ನ ಸರಿ ಮಾಡೋ ವಿಧಾನ ಒಂದನ್ನ ಕಟ್ಟಿದ್ರೂ ಅದು ಪೂರ್ತಿ ಪಿಎಚ್‌ಡಿ.

ದೊಡ್ಡ ಡೇಟಾಬ್ಯಾಂಕ್‌ಗಳಲ್ಲೂ ಇಂಥ ಗುಂಡಿಗಳಿವೆ. ಬ್ರಿಟನ್ನಿನ ಆರೋಗ್ಯ, ಜೀನ್ ಮಾಹಿತಿಯ ಭಂಡಾರ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು 5 ಲಕ್ಷ ಜನ ಇದ್ದಾರೆ, ಆದ್ರೆ ಅವರನ್ನ ಸೇರಿಸ್ಕೊಂಡಿದ್ದು 2006ರಿಂದ 2010ರಲ್ಲಿ, ವಯಸ್ಸು 40ರಿಂದ 69. ಹದಿನೈದು, ಇಪ್ಪತ್ತರ ವಯಸ್ಸಿನ ಮುಟ್ಟಿನ ನೋವು ಅಲ್ಲಿ ನೇರವಾಗಿ ಸಿಗಲ್ಲ. ಮೆಷಿನ್ ಲರ್ನಿಂಗ್ ಕಲಿತೋರು ಡೇಟಾ ಇಳಿಸ್ಕೊಂಡು ಕ್ಲಸ್ಟರ್ ಮಾಡಿ ಐದು ಬಗೆ ನೋವು ಸಿಕ್ತು ಅಂತ ಬರೆದುಬಿಡ್ತಾರೆ, ಆ ಐದು ಗುಂಪು ಇನ್ನೊಂದು ಡೇಟಾದಲ್ಲೂ ಬರುತ್ತಾ, ಗುಂಪಿಗೊಂದು ಚಿಕಿತ್ಸೆ ಬೇರೆ ಬೇರೆ ಕೆಲಸ ಮಾಡುತ್ತಾ ಅಂತ ನೋಡದೇ ಇದ್ರೆ ಅದು ಬಣ್ಣದ ಚಿತ್ರ ಅಷ್ಟೇ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ನನ್ನ ಹಾಗೇ ಅವಳಿಗೂ ನೋವು. ಜೀನ್ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತಾ?

ಉತ್ತರ: ಇಲ್ಲ ತಾಯಿ, ಈಗ ಯಾರಾದ್ರೂ ಅಂಥ ಟೆಸ್ಟ್ ಮಾರೋಕೆ ಬಂದ್ರೆ ತಗೋಬೇಡಿ. ಮನೆತನದಲ್ಲಿ ಹರಿದು ಬರೋದು ನಿಜ, ಎಂಡೊಮೆಟ್ರಿಯೋಸಿಸ್ ವಿಷಯದಲ್ಲಿ ಅವಳಿ ಮಕ್ಕಳ ಅಧ್ಯಯನಗಳು ಅರ್ಧದಷ್ಟು ಪಾಲು ಅನುವಂಶೀಯ ಅಂತ ಹೇಳುತ್ವೆ. ಆದ್ರೆ 2023ರಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳನ್ನ ಇಟ್ಕೊಂಡು ನಡೆದ ದೊಡ್ಡ ಜೀನ್ ಅಧ್ಯಯನದಲ್ಲಿ ಕಾಯಿಲೆ ಜೊತೆ ನಂಟಿರೋ 42 ಜಾಗಗಳು ಡಿಎನ್‌ಎಯಲ್ಲಿ ಸಿಕ್ವು, ಅವನ್ನೆಲ್ಲ ಕೂಡಿಸಿದ್ರೂ ಕಾಯಿಲೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಯಾಕೆ ಬರಲ್ಲ ಅನ್ನೋ ವ್ಯತ್ಯಾಸದಲ್ಲಿ ವಿವರಣೆ ಸಿಕ್ಕಿದ್ದು ನೂರಕ್ಕೆ 5ರಷ್ಟು ಮಾತ್ರ. ಒಬ್ಬ ಹುಡುಗಿಯ ಭವಿಷ್ಯ ಹೇಳೋಕೆ ಅದು ಸಾಲಲ್ಲ. ಟೆಸ್ಟಿಗಿಂತ ಮೊದಲು ಮಗಳನ್ನ ಡಾಕ್ಟರಿಗೆ ತೋರಿಸಿ. ಸ್ಕೂಲ್ ತಪ್ಪುತ್ತಿದ್ರೆ, ಮಾತ್ರೆಗೆ ಬಗ್ಗದಿದ್ರೆ, ಮುಟ್ಟಿಲ್ಲದ ದಿನಗಳಲ್ಲೂ ನೋವಿದ್ರೆ, ಮಲ ಮೂತ್ರ ಮಾಡ್ವಾಗ ನೋವಿದ್ರೆ ಆ ಮಾತುಗಳನ್ನ ಒಂದೊಂದಾಗಿ ಹೇಳಿ. ಎಂಡೊಮೆಟ್ರಿಯೋಸಿಸ್ ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಆದ್ರೂ ಕಾಯಿಲೆ ಇದೇ ಅಂತ ಗೊತ್ತಾಗೋಕೆ ವರ್ಷಗಳೇ ಹಿಡಿಯುತ್ವೆ. ‘ನನಗೂ ಬಂದಿತ್ತು, ಮದುವೆ ಆದ್ರೆ ಹೋಗುತ್ತೆ’ ಅಂತ ಯಾರಾದ್ರೂ ಅಂದ್ರೆ ಆ ಮಾತನ್ನ ದಯವಿಟ್ಟು ಅವಳ ಕಿವಿಗೆ ಬೀಳೋಕೆ ಬಿಡಬೇಡಿ.

ಪ್ರಶ್ನೆ: ಎನ್‌ಜಿಎಫ್ ಜೀನ್ ಮುಟ್ಟಿನ ನೋವಿನ ಜೀನ್ ಅಂತ ಎಲ್ಲೋ ಓದಿದೆ. ಅದನ್ನ ತಡೆಯೋ ಔಷಧ ಮಾಡಿದ್ರೆ ಆಯ್ತಲ್ಲ? ಆ ವಿಷಯದ ಮೇಲೆ ಪಿಎಚ್‌ಡಿಗೆ ಅಪ್ಲೈ ಮಾಡೋಣ ಅಂತಿದ್ದೀನಿ.

ಉತ್ತರ: ನೀವು ಓದಿರೋದರಲ್ಲಿ ಹುರುಳಿದೆ. ಎನ್‌ಜಿಎಫ್ ಅಂದ್ರೆ ನರ ಬೆಳೆಯೋಕೆ ಬೇಕಾದ ಒಂದು ಪ್ರೊಟೀನು, ನೋವಿನ ನರಗಳನ್ನ ಹುರಿದುಂಬಿಸೋದೂ ಅದೇ. 2016ರಲ್ಲಿ 11 ಸಾವಿರಕ್ಕೂ ಹೆಚ್ಚು ಯುರೋಪ್ ಮೂಲದ ಮಹಿಳೆಯರ ಅಧ್ಯಯನದಲ್ಲಿ ಈ ಜೀನ್ ಪಕ್ಕದ ಜಾಗ ನೋವಿನ ತೀವ್ರತೆ ಜೊತೆ ಹೊಂದ್ಕೊಂಡು ಬಂತು, ಆಮೇಲೆ ಚೀನಾ, ಜಪಾನ್ ಮಹಿಳೆಯರ ಅಧ್ಯಯನಗಳಲ್ಲೂ ಅದೇ ಜಾಗ ಎದ್ದು ಬಂತು. ಮೂರು ಬೇರೆ ಬೇರೆ ಕಡೆ ಒಂದೇ ಜಾಗ ಬರೋದು ಸಣ್ಣ ಮಾತಲ್ಲ, ನನಗೆ ಆ ಪೇಪರ್‌ಗಳನ್ನ ಸಾಲಾಗಿ ಓದಿದ ದಿನ ಇನ್ನೂ ನೆನಪಿದೆ.

ಆದ್ರೆ ಎನ್‌ಜಿಎಫ್ ತಡೆಯೋ ಔಷಧ ಆಗ್ಲೇ ಮಾಡಿ ನೋಡಿದ್ದಾರೆ. ಟಾನೆಜುಮ್ಯಾಬ್ ಅಂತ, ಮಂಡಿ ಸವೆತದ ನೋವಿಗೆ. ನೋವು ಇಳೀತು, ಆದ್ರೆ ಕೆಲವರಲ್ಲಿ ಕೀಲು ಬೇಗ ಹಾಳಾಗೋದು ಕಾಣಿಸ್ತು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ವಿರುದ್ಧ ಮತ ಹಾಕ್ತು, ಅದೇ ವರ್ಷ ಕಂಪನಿ ಅದನ್ನ ಕೈಬಿಡ್ತು. ಹಾಗಾಗಿ ಪ್ರಪೋಸಲ್‌ನಲ್ಲಿ ಎನ್‌ಜಿಎಫ್ ತಡೆದ್ರೆ ಮುಗೀತು ಅಂತ ಬರೆದ್ರೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆನೇ ಅದಾಗುತ್ತೆ. ಬದಲಿಗೆ ಹೀಗೆ ಕೇಳಿ: ಈ ರೂಪಾಂತರ ಇರೋರಲ್ಲಿ ಗರ್ಭಕೋಶದ ಒಳಪದರದಲ್ಲಿ ನಿಜವಾಗ್ಲೂ ಎನ್‌ಜಿಎಫ್ ಜಾಸ್ತಿ ತಯಾರಾಗುತ್ತಾ, ಯಾವ ಜೀವಕೋಶದಲ್ಲಿ, ಮುಟ್ಟಿನ ಯಾವ ದಿನ? ಅದನ್ನ ನೋಡದೆ ಔಷಧದ ಮಾತಿಗೆ ಹೋಗೋ ಹಾಗಿಲ್ಲ.

ಇನ್ನೊಂದು, ಈ ಜೀನ್ ಅಧ್ಯಯನಗಳ ಬಹುಪಾಲು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದೋರ ಮೇಲೆ ನಡೆದಿರೋದು. ಆಫ್ರಿಕಾ, ದಕ್ಷಿಣ ಏಷ್ಯಾ ಮೂಲದೋರ ಡೇಟಾ ತುಂಬಾ ಕಮ್ಮಿ. ಆ ಕೊರತೆ ತುಂಬೋ ಪ್ರಾಜೆಕ್ಟ್ ಕಂಡ್ರೆ ಬಿಡಬೇಡಿ.

ಪ್ರಶ್ನೆ: ನನಗೆ ಲ್ಯಾಬ್ ಕೆಲಸ ಇಷ್ಟ, ಡೇಟಾ ಅಲ್ಲ. ಇದರಲ್ಲಿ ಲ್ಯಾಬ್‌ನಲ್ಲಿ ಏನು ಮಾಡ್ತಾರೆ? ಇಲಿ ಮೇಲೆ ಪ್ರಯೋಗ ಮಾಡೋದಾ?

ಉತ್ತರ: ಇಲಿಗೆ ಮುಟ್ಟೇ ಆಗಲ್ಲ! ಈ ಕ್ಷೇತ್ರ ಹಿಂದೆ ಬಿದ್ದಿರೋದಕ್ಕೆ ಇದೂ ಒಂದು ಕಾರಣ. ಲ್ಯಾಬ್‌ನಲ್ಲಿ ಸಾಕೋ ಮಾಮೂಲಿ ಇಲಿಗಳಿಗೆ ಹಾರ್ಮೋನ್ ಕೊಟ್ಟು ಮುಟ್ಟಿನಂಥದ್ದನ್ನ ಬರಿಸ್ಬೇಕು. 2016-17ರ ಹೊತ್ತಿಗೆ ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವರು ಮುಳ್ಳಿಲಿ ಜಾತಿಯ ಒಂದು ಇಲಿಗೆ ತಾನಾಗೇ ಮುಟ್ಟಾಗುತ್ತೆ ಅಂತ ಪತ್ತೆ ಮಾಡಿದಾಗ ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಆ ಪೇಪರನ್ನ ಕೈಯಿಂದ ಕೈಗೆ ದಾಟಿಸಿ ಓದಿದ್ವಿ.

ಈಗ ಹೆಚ್ಚು ಕೆಲಸ ನಡೀತಿರೋದು ಮನುಷ್ಯರ ಜೀವಕೋಶದ ಮೇಲೇ. 2017ರಲ್ಲಿ ಗರ್ಭಕೋಶದ ಒಳಪದರದ ಆರ್ಗನಾಯ್ಡ್ ಬೆಳೆಸೋ ವಿಧಾನ ಬಂತು, ಸಾಸಿವೆಗಿಂತ ಸಣ್ಣ ಟೊಳ್ಳು ಗೋಲಿಗಳು, ಹಾರ್ಮೋನ್ ಕೊಟ್ರೆ ನಿಜವಾದ ಒಳಪದರದ ಹಾಗೇ ಸ್ಪಂದಿಸುತ್ವೆ. ಅಮೆರಿಕದ ಎಂಐಟಿ ಯೂನಿವರ್ಸಿಟಿಯಲ್ಲಿ ಲಿಂಡಾ ಗ್ರಿಫಿತ್ ಅಂತ ಎಂಜಿನಿಯರ್ ಇದ್ದಾರೆ, ಸ್ವತಃ ವರ್ಷಗಟ್ಟಲೆ ಎಂಡೊಮೆಟ್ರಿಯೋಸಿಸ್ ಅನುಭವಿಸಿದವರು, ಆ ಬಗ್ಗೆ ಬಹಿರಂಗವಾಗೇ ಮಾತಾಡಿದವರು. 2009ರಲ್ಲಿ ಅವರು ಸೇರಿ ಶುರು ಮಾಡಿದ ಕೇಂದ್ರದಲ್ಲಿ ಚಿಪ್‌ಗಳ ಮೇಲೆ ಇಂಥ ಅಂಗಾಂಶ ಬೆಳೆಸಿ ರೋಗಿಗಳನ್ನ ಬಗೆ ಬಗೆಯಾಗಿ ವಿಂಗಡಿಸೋ ಕೆಲಸ ನಡೀತಿದೆ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿರೋದು ಮುಟ್ಟಿನ ಸ್ರಾವದ ಮೇಲಿನ ಕೆಲಸ. ಬಿಸಾಡೋ ವಸ್ತು ಅಂದ್ಕೊಂಡಿದ್ದದ್ದು, ಆಪರೇಷನ್ ಇಲ್ಲದೆ ಬಯಾಪ್ಸಿ ಸಿಕ್ಕಿದ ಹಾಗೆ. ನಾನು ಮೊದಲ ಸಲ ಆ ಟ್ಯೂಬ್ ಹಿಡಿದಾಗ ಕೈ ನಡುಗಿತ್ತು, ಯಾರೋ ಒಬ್ಬಳು ತನ್ನ ಅತಿ ಕಷ್ಟದ ದಿನ ಕಪ್‌ನಲ್ಲಿ ಹಿಡಿದು, ಐಸ್ ಪ್ಯಾಕ್ ಜೊತೆ ಇಟ್ಟು ಕಳಿಸಿದ್ಳು. ಗಾಢ ಕೆಂಪಿನ ನಡುವೆ ಎಳೆ ಎಳೆಯಾಗಿ ಒಳಪದರದ ಚೂರುಗಳು. ಅದನ್ನ ತೊಳೆದು, ಸೋಸಿ, ತಟ್ಟೆಗೆ ಹಾಕಿ ಇನ್‌ಕ್ಯುಬೇಟರ್‌ನಲ್ಲಿ ಬಿಟ್ರೆ ಕೆಲವು ದಿನಕ್ಕೆ ಮೈಕ್ರೋಸ್ಕೋಪ್ ಕೆಳಗೆ ಕದಿರಿನ ಆಕಾರದ ಜೀವಕೋಶಗಳು ತಳಕ್ಕೆ ಅಂಟಿ ಬೆಳೀತಾ ಇರೋದು ಕಾಣುತ್ತೆ. ಅಮೆರಿಕದ ಫೈನ್‌ಸ್ಟೈನ್ ಸಂಸ್ಥೆಯವರು 2018ರಲ್ಲಿ ತೋರಿಸಿದ್ದು ಇದನ್ನೇ, ಎಂಡೊಮೆಟ್ರಿಯೋಸಿಸ್ ಇರೋರ ಸ್ರಾವದ ಈ ಜೀವಕೋಶಗಳು ಹಾರ್ಮೋನ್ ಸಂಕೇತಕ್ಕೆ ಬೇರೆಯೋರ ಜೀವಕೋಶಗಳಷ್ಟು ಸ್ಪಂದಿಸಲ್ಲ. ಮುಂದೊಂದು ದಿನ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡೋ ಆಪರೇಷನ್) ಇಲ್ಲದೆ ಗುರುತಿಸೋ ಟೆಸ್ಟ್ ಬರೋದಾದ್ರೆ ಈ ದಾರೀಲಿ ಬರಬಹುದು ಅಂತ ನನ್ನ ನಂಬಿಕೆ. ಹಾಗಂತ ಸುಲಭ ಅಲ್ಲ, ಸ್ಯಾಂಪಲ್ ತಡವಾದ್ರೆ ಜೀವಕೋಶ ಸಾಯುತ್ತೆ, ಮೊದಲ ದಿನದ್ದು ಎರಡನೇ ದಿನದ್ದು ಒಂದೇ ತರ ಇರಲ್ಲ, ಹಾರ್ಮೋನ್ ಮಾತ್ರೆ ತಗೊಳ್ಳೋರದ್ದು ಇನ್ನೂ ಬೇರೆ. ನನ್ನ ಮೊದಲ ಆರು ಸ್ಯಾಂಪಲ್‌ನಲ್ಲಿ ಐದು ಹಾಳಾದ್ವು.

ಪ್ರಶ್ನೆ: ಸೀಟ್ ಎಲ್ಲಿ ಸಿಗುತ್ತೆ, ಹೇಗೆ ಹುಡುಕೋದು ಅಂತ ಹೇಳಿ ಮೇಡಂ. ಮುಟ್ಟಿನ ನೋವು ಅಂತ ಹುಡುಕಿದ್ರೆ ಪಿಎಚ್‌ಡಿ ಜಾಹೀರಾತೇ ಬರ್ತಿಲ್ಲ. ನಮ್ಮ ಪ್ರೊಫೆಸರ್ ಕೇಳಿದ್ರೆ ಇದೂ ಒಂದು ಟಾಪಿಕ್ಕಾ ಅಂತಾರೆ.

ಉತ್ತರ: ಪ್ರೊಫೆಸರ್ ಮಾತು ಬಿಡಿ. ನಾನು ಒಂದು ಸಂಸ್ಥೆಗೆ ಇಂಟರ್‌ವ್ಯೂಗೆ ಹೋದಾಗ ಪ್ಯಾನೆಲ್‌ನಲ್ಲಿ ಒಬ್ಬರು, ಇದು ಎಲ್ಲರಿಗೂ ಬರೋದೇ ಅಲ್ವಾ, ಇದರಲ್ಲಿ ರಿಸರ್ಚ್ ಮಾಡೋಕೆ ಏನಿದೆ ಅಂತ ಕೇಳಿದ್ರು. ಎಲ್ಲರಿಗೂ ಬರುತ್ತೆ ಅನ್ನೋದೇ ರಿಸರ್ಚ್ ಮಾಡೋಕೆ ಕಾರಣ ಸರ್ ಅಂದೆ, ಸೀಟ್ ಸಿಗಲಿಲ್ಲ, ಬೇರೆ ಕಡೆ ಸಿಕ್ತು. ಈ ತಾತ್ಸಾರ ಬಹಳ ಹಳೇದು. ಅಮೆರಿಕದಲ್ಲಿ 1977ರಿಂದ 1993ರ ತನಕ, ಮಗು ಆಗಬಹುದಾದ ವಯಸ್ಸಿನ ಹೆಂಗಸರನ್ನ ಔಷಧದ ಆರಂಭಿಕ ಟ್ರಯಲ್‌ಗಳಿಂದ ದೂರ ಇಡಿ ಅನ್ನೋ ಮಾರ್ಗಸೂಚಿನೇ ಇತ್ತು. ಅಷ್ಟು ವರ್ಷ ಕೇಳದೇ ಬಿಟ್ಟ ಪ್ರಶ್ನೆಗಳೇ ಈಗ ನಿಮ್ಮ ಮುಂದಿರೋದು.

ಹುಡುಕೋ ಪದ ಬದಲಾಯಿಸಿ. ಜಾಹೀರಾತಿನಲ್ಲಿ ಮೆನ್‌ಸ್ಟ್ರುಯಲ್ ಪೇನ್ ಅಂತ ಇರೋದು ಅಪರೂಪ. ಪೆಲ್ವಿಕ್ ಪೇನ್, ವಿಸರಲ್ ಪೇನ್, ಎಂಡೊಮೆಟ್ರಿಯೋಸಿಸ್, ಪೇನ್ ಜೀನೋಮಿಕ್ಸ್, ಫಾರ್ಮಕೊಜೀನೋಮಿಕ್ಸ್, ಡಿಸ್ಮೆನೊರಿಯಾ (ಮುಟ್ಟಿನ ನೋವಿಗೆ ಡಾಕ್ಟರ್‌ಗಳು ಹೇಳೋ ಹೆಸರು), ವಿಮೆನ್ಸ್ ಹೆಲ್ತ್ ಡೇಟಾ ಸೈನ್ಸ್, ಇವನ್ನೆಲ್ಲ ಹಾಕಿ ಹುಡುಕಿ. ಆಕ್ಸ್‌ಫರ್ಡ್‌ನ ಎಂಡೊಮೆಟ್ರಿಯೋಸಿಸ್ ಕೇಂದ್ರ ಜೀನ್ ಮತ್ತು ನೋವು ಎರಡರಲ್ಲೂ ಬಲವಾಗಿದೆ, ಎಡಿನ್‌ಬರೋದಲ್ಲಿ ಪೆಲ್ವಿಕ್ ನೋವಿನ ದೊಡ್ಡ ತಂಡ ಇದೆ, ಡೆನ್ಮಾರ್ಕಿನ ಆರ್ಹುಸ್ ಯೂನಿವರ್ಸಿಟಿ ಮುಂದಾಳತ್ವದಲ್ಲಿ ಎಂಡೊಮೆಟ್ರಿಯೋಸಿಸ್ ಮತ್ತು ಮೆಷಿನ್ ಲರ್ನಿಂಗ್ ಸೇರಿಸಿದ ಯುರೋಪ್ ಪ್ರಾಜೆಕ್ಟ್ ನಡೆದಿದೆ. ಅಲ್ಲಿ ಕೆಲಸ ಮಾಡಿದೋರ ಪೇಪರ್ ಹಿಡ್ಕೊಂಡು ಲೇಖಕರ ಪಟ್ಟಿ ನೋಡಿ, ಕೊನೇ ಹೆಸರಿನೋರು ಸಾಮಾನ್ಯವಾಗಿ ಲ್ಯಾಬ್ ನಡೆಸೋರು, ಮೊದಲ ಹೆಸರಿನೋರು ಈಗೆಲ್ಲಿದ್ದಾರೆ ನೋಡಿ, ಹೊಸದಾಗಿ ಸ್ವಂತ ಲ್ಯಾಬ್ ಶುರು ಮಾಡಿದ್ರೆ ಅವರಿಗೆ ವಿದ್ಯಾರ್ಥಿಗಳು ಬೇಕಿರುತ್ತೆ.

ಯುರೋಪಿನ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳನ್ನ ಮರೀಬೇಡಿ, ವಿದ್ಯಾರ್ಥಿವೇತನದ ಬದಲು ನೌಕರರ ಹಾಗೆ ಸಂಬಳ ಕೊಡ್ತಾರೆ, ಯಾವ ದೇಶದೋರು ಬೇಕಾದ್ರೂ ಹಾಕಬಹುದು. ನಿಯಮ ಒಂದಿದೆ, ಸೇರೋಕೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಬ್ರಿಟನ್‌ನಲ್ಲಿ ಮೂರರಿಂದ ನಾಲ್ಕು ವರ್ಷ, ವಿಷಯ ಮೊದಲೇ ನಿಗದಿ ಆಗಿರೋದು ಜಾಸ್ತಿ. ಅಮೆರಿಕದಲ್ಲಿ ಐದಾರು ವರ್ಷ ಹಿಡಿಯುತ್ತೆ, ಬಯೋಮೆಡಿಕಲ್ ಕಡೆ ಮೊದಲ ವರ್ಷ ಎರಡು ಮೂರು ಲ್ಯಾಬ್ ಸುತ್ತಿ ನೋಡಿ ಆರಿಸ್ಕೋಬಹುದು, ವಿಷಯ ಇನ್ನೂ ಗಟ್ಟಿ ಆಗಿರದೋರಿಗೆ ಅದು ಒಳ್ಳೇದು.

ಆಫರ್ ಬಂತು ಅಂತ ಕುಣಿದು ಒಪ್ಕೋಬೇಡಿ, ಮೊದಲು ಕೇಳಿ. ಎಥಿಕ್ಸ್ ಅನುಮತಿ ಸಿಕ್ಕಿದೆಯಾ? ಸ್ಯಾಂಪಲ್ ಈಗಾಗ್ಲೇ ಫ್ರೀಜರ್‌ನಲ್ಲಿದೆಯಾ, ಇನ್ನು ಮುಂದೆ ಕೂಡಿಸ್ಬೇಕಾ? ಕೂಡಿಸ್ಬೇಕು ಅಂದ್ರೆ ನಿಮ್ಮ ಎರಡು ವರ್ಷ ಅದಕ್ಕೇ ಹೋಯ್ತು ಅಂದ್ಕೊಳ್ಳಿ. ಗೈಡ್ ಜೊತೆ ಒಬ್ಬ ಗೈನಕಾಲಜಿಸ್ಟ್ ಇದ್ದಾರಾ, ನೋವಿನ ತಜ್ಞರಿದ್ದಾರಾ? ಫಂಡಿಂಗ್ ಎಷ್ಟು ತಿಂಗಳಿಗೆ? ಎಲ್ಲಕ್ಕಿಂತ ಮುಖ್ಯ, ಅವರು ನೋವನ್ನ ಹೇಗೆ ಅಳೀತಾರೆ? ಬರೀ ಹೌದು ಇಲ್ಲ ಅಂತ ಬರೆದುಕೊಂಡಿರೋ ಡೇಟಾ ಆದ್ರೆ ಮೇಲೆ ಎಷ್ಟೇ ದುಬಾರಿ ಜೀನ್ ಸೀಕ್ವೆನ್ಸಿಂಗ್ ಮಾಡಿದ್ರೂ ಅಡಿಪಾಯ ಸಡಿಲ. ನಾನು ಇಷ್ಟು ವರ್ಷದಲ್ಲಿ ಕಲಿತಿರೋದು ಇದೊಂದೇ, ಮೊದಲು ನೋವನ್ನ ಸರಿಯಾಗಿ ಬರ್ಕೊಳ್ಳಿ, ಜೀನ್ ಆಮೇಲೆ.

ಮೇಲ್ ಚಿಕ್ಕದಾಗಿ ಬರೀರಿ. ಗೌರವಾನ್ವಿತ ಅಂತ ಶುರು ಮಾಡಿ ಎರಡು ಪುಟ ಹೊಗಳಬೇಡಿ. ಅವರ ಯಾವ ಪೇಪರ್ ಓದಿದ್ರಿ, ಅದರಲ್ಲಿ ಯಾವ ಪ್ರಶ್ನೆ ಉಳೀತು, ಅದಕ್ಕೆ ನಿಮಗೆ ಏನು ಮಾಡೋಕೆ ಬರುತ್ತೆ, ಎಂಟು ಸಾಲು ಸಾಕು. ನಿಮ್ಮ ಸ್ವಂತ ನೋವಿನ ಕತೆ ಹೇಳ್ಬೇಕಾ ಅಂತ ಮೂರು ಜನ ಕೇಳಿದ್ದೀರಿ. ಹೇಳಲೇಬೇಕು ಅಂತಿಲ್ಲ, ಹೇಳೋದಾದ್ರೆ ಒಂದು ಸಾಲಲ್ಲಿ ಹೇಳಿ, ಅದು ನಿಮಗೆ ಯಾವ ಪ್ರಶ್ನೆ ಕೊಡ್ತು ಅನ್ನೋದನ್ನ ಮುಂದಿನ ಸಾಲಲ್ಲಿ ಹೇಳಿ.

ಪ್ರಶ್ನೆ: ನಾನು ಓದಿರೋದು ಕಮ್ಮಿ, ಪಿಎಚ್‌ಡಿ ಎಲ್ಲ ನಮಗಲ್ಲ. ಇಪ್ಪತ್ತೆರಡು ವರ್ಷದಿಂದ ಈ ನೋವು ತಿಂತಿದ್ದೀನಿ. ನನ್ನಿಂದ ಈ ರಿಸರ್ಚಿಗೆ ಏನಾದ್ರೂ ಉಪಯೋಗ ಆಗುತ್ತಾ?

ಉತ್ತರ: ಅಕ್ಕಾ, ನಿಮ್ಮ ಕಾಗದ ನಾನು ಎರಡು ಸಲ ಓದಿದೆ. ನೀವಿಲ್ಲದೆ ಈ ಪಿಎಚ್‌ಡಿಗಳು ಯಾವುವೂ ನಡೆಯಲ್ಲ. ನಿಮ್ಮ ಡಾಕ್ಟರ ಹತ್ರ ಈ ನೋವಿನ ಮೇಲೆ ಅಧ್ಯಯನ ನಡೀತಿದ್ರೆ ನನ್ನ ಸೇರಿಸ್ಕೊಳ್ಳಿ ಅಂತ ಬಾಯಿಬಿಟ್ಟು ಕೇಳಿ. ಸೇರೋಕೆ ಮುಂಚೆ ಒಪ್ಪಿಗೆ ಪತ್ರ ಕೊಡ್ತಾರೆ, ನಿಮಗೆ ಅರ್ಥ ಆಗೋ ಭಾಷೇಲಿ ಓದಿ ಹೇಳಿ ಅಂತ ಕೇಳೋ ಹಕ್ಕು ನಿಮಗಿದೆ, ಯಾವಾಗ ಬೇಕಾದ್ರೂ ಬಿಟ್ಟು ಬರೋ ಹಕ್ಕೂ ಇದೆ, ಬಿಟ್ರೆ ನಿಮ್ಮ ಚಿಕಿತ್ಸೆಗೆ ತೊಂದರೆ ಮಾಡೋ ಹಾಗಿಲ್ಲ.

ಅಲ್ಲಿ ತನಕ ಒಂದು ನೋಟ್‌ಬುಕ್ ಇಡಿ. ನಂಬರ್ ಜೊತೆ ಅವತ್ತು ಏನು ಮಾಡೋಕಾಯ್ತು, ಏನಾಗಲಿಲ್ಲ ಅಂತ ಬರೀರಿ. ಮಾತ್ರೆ ಎಷ್ಟೊತ್ತಿಗೆ ತಗೊಂಡ್ರಿ, ನೋವು ಶುರುವಾಗಿ ಎಷ್ಟೊತ್ತಾಗಿತ್ತು, ಎಷ್ಟೊತ್ತಿಗೆ ಇಳೀತು ಅಥವಾ ಇಳೀಲಿಲ್ಲ, ಅದೂ ಇರಲಿ. ಬರೆಯೋಕಾಗದ ದಿನ ಬಂದೇ ಬರುತ್ತೆ, ಆ ದಿನದ ಜಾಗ ಖಾಲಿ ಬಿಡಬೇಡಿ, ಮಾರನೇ ದಿನವೋ ಮೂರನೇ ದಿನವೋ ಎದ್ದು ಕೂತಾಗ ಆ ಜಾಗದಲ್ಲಿ ಇಷ್ಟೇ ಬರೀರಿ: ಅವತ್ತು ಬರೆಯೋಕೆ ಆಗ್ಲಿಲ್ಲ.